ಸಣ್ಣ ಡಿಜಿಟಲ್ ಕ್ಯಾಮೆರಾ ಇನ್ನೂ ಬಳಸುವವರು ಇದ್ದೀರಾ? ಸೆಲ್, ಬಿಸಿಲು, ಜಾತ್ರೆಯ ಕತ್ತಲು

ಕೊಪ್ಪಳ_ಭಾನುವಾರ
ಎಲ್ಲರಿಗೂ ನಮಸ್ಕಾರ. ಫೋಟೋ ತೆಗೆಯುವುದು ನನ್ನ ಕೆಲಸ ಅಲ್ಲ, ಇಷ್ಟ ಅಷ್ಟೇ. ಹತ್ತಿರ ಇರುವುದು ಎರಡು ಎಎ ಸೆಲ್ ಹಾಕುವ ಸಣ್ಣ ಡಿಜಿಟಲ್ ಕ್ಯಾಮೆರಾ. 16 ಮೆಗಾಪಿಕ್ಸೆಲ್, 5 ಪಟ್ಟು ಜೂಮ್. ರಜೆ ಸಿಕ್ಕರೆ ಇಟಗಿ, ಕುಕನೂರು, ಆನೆಗುಂದಿ ಅಂತ ತಿರುಗುತ್ತೇನೆ. ಕಿನ್ನಾಳದಲ್ಲಿ ಗೊಂಬೆಗೆ ಬಣ್ಣ ಹಚ್ಚುವುದು, ಕಣದಲ್ಲಿ ರಾಶಿ ಮಾಡುವುದು, ಮನೆಯ ಹಿರಿಯರು, ಇಂಥವೇ ನನ್ನ ಫೋಟೋಗಳು.

ತೊಂದರೆ ಏನಂದರೆ, ಸೆಲ್ ಬಹಳ ಬೇಗ ಖಾಲಿಯಾಗುತ್ತವೆ. ಮಧ್ಯಾಹ್ನ ತೆಗೆದರೆ ಮುಖ ಕಪ್ಪು, ಆಕಾಶ ಬೆಳ್ಳಗೆ. ಗವಿಮಠದ ಜಾತ್ರೆಯಲ್ಲಿ ಕತ್ತಲಾದ ಮೇಲೆ ತೆಗೆದವೆಲ್ಲ ಅಲುಗಾಡಿವೆ. ಗೆಳೆಯರು ಹೇಳುವುದು ಒಂದೇ ಮಾತು: ಗುಜರಿಗೆ ಹಾಕು, ಫೋನ್ ಸಾಕು. ನನಗೆ ಬಿಡಲು ಮನಸ್ಸಿಲ್ಲ, ಕೈಗೆ ಒಗ್ಗಿದೆ. ಇಂಥ ಕ್ಯಾಮೆರಾವನ್ನು ನಿಜವಾಗಿ ಬಳಸುವವರು ಹೇಳಿ, ಇದರಿಂದ ಎಷ್ಟು ಕೆಲಸ ತೆಗೆಯಬಹುದು?

ಬಳ್ಳಾರಿ_ಗುಡ್ಡ
ಗೆಳೆಯರು ಹೇಳಿದ್ದೇ ಸರಿ ಅಣ್ಣಾ. ಈಗಿನ ಫೋನ್ ರಾತ್ರಿ ಹೊತ್ತು ಹಲವು ಫ್ರೇಮ್ ತೆಗೆದು, ಎಲ್ಲ ಕೂಡಿಸಿ ಒಂದು ಫೋಟೋ ಮಾಡುತ್ತದೆ. ನಿಮ್ಮದು ಒಂದೇ ಫ್ರೇಮ್ ತೆಗೆಯುತ್ತದೆ. ಕತ್ತಲಲ್ಲಿ ಅದು ಸೋಲುವುದು ಖಂಡಿತ.

ರಾಯಚೂರು_ಬಿಸಿಲು
ಜಾತ್ರೆ ವರ್ಷಕ್ಕೆ ಒಂದು ಸಲ. ಉಳಿದ ದಿನ ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಬೆಳಕಿಗೆ ಏನು ಬರ? ಸಣ್ಣ ಕ್ಯಾಮೆರಾಕ್ಕೆ ಬೇಕಾಗಿರುವುದೇ ಬೆಳಕು. ಹೆಚ್ಚಿನವುಗಳ ಒಳಗೆ ಇರುವ ಸೆನ್ಸರ್, ಅಂದರೆ ಬೆಳಕನ್ನು ಹಿಡಿಯುವ ಚಿಪ್, ಸುಮಾರು 6 ಮಿಲಿಮೀಟರ್ ಅಗಲ, 4.5 ಮಿಲಿಮೀಟರ್ ಎತ್ತರ. ಹೆಸರುಬೇಳೆ ಗಾತ್ರದ್ದು. ಅದಕ್ಕೆ ಬೆಳಕು ಸಿಕ್ಕಷ್ಟು ಒಳ್ಳೆಯದು. ಬೆಂಗಳೂರಿನ ಮೋಡದಲ್ಲಿ ಪರದಾಡುವ ಕ್ಯಾಮೆರಾ ಇಲ್ಲಿ ಬೆಳಿಗ್ಗೆ 7ಕ್ಕೇ ಚೆನ್ನಾಗಿ ಕೆಲಸ ಮಾಡುತ್ತದೆ.

ಸಿಂಧನೂರು_ಭತ್ತ
ಮೊದಲು ಸೆಲ್ ವಿಷಯ. ಯಾವ ಸೆಲ್ ಹಾಕುತ್ತೀರಿ? ಗೋಡೆ ಗಡಿಯಾರಕ್ಕೆ, ರಿಮೋಟಿಗೆ ಹಾಕುವ ಕಡಿಮೆ ಬೆಲೆಯ ಕಾರ್ಬನ್ ಝಿಂಕ್ ಸೆಲ್ ಆದರೆ ಕೈಬೆರಳೆಣಿಕೆ ಫೋಟೋಗೆ ಮುಗಿದುಹೋಗುತ್ತವೆ. ಕ್ಯಾಮೆರಾ ಒಮ್ಮೆಗೇ ಜಾಸ್ತಿ ಕರೆಂಟ್ ಎಳೆಯುತ್ತದೆ. ಲೆನ್ಸ್ ಹೊರಗೆ ಬರುವಾಗ, ಫ್ಲ್ಯಾಶ್ ಚಾರ್ಜ್ ಆಗುವಾಗ ಅಂತೂ ಇನ್ನೂ ಜಾಸ್ತಿ. ಆ ಸೆಲ್‌ಗೆ ಅಷ್ಟು ಕೊಡಲು ಆಗುವುದಿಲ್ಲ. ಒಳಗೆ ಇನ್ನೂ ಶಕ್ತಿ ಇದ್ದರೂ ಕ್ಯಾಮೆರಾ 'ಸೆಲ್ ಬದಲಿಸಿ' ಅನ್ನುತ್ತದೆ.

ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ನಾಲ್ಕು ತಗೊಳ್ಳಿ, ಜೊತೆಗೆ ಒಂದು ಒಳ್ಳೆಯ ಚಾರ್ಜರ್. ಎನೆಲೂಪ್ ಬ್ರ್ಯಾಂಡಿನ ಥರದ್ದು ಆದರೆ ತಿಂಗಳುಗಟ್ಟಲೆ ಡ್ರಾಯರ್‌ನಲ್ಲಿ ಇಟ್ಟರೂ ಬಹುಪಾಲು ಚಾರ್ಜ್ ಉಳಿದಿರುತ್ತದೆ. ಎರಡು ಕ್ಯಾಮೆರಾದಲ್ಲಿ, ಎರಡು ಜೇಬಿನಲ್ಲಿ.

ಹೊಸಪೇಟೆ_ರಸ್ತೆ
ರೀಚಾರ್ಜ್ ಸೆಲ್ 1.2 ವೋಲ್ಟ್ ಮಾತ್ರ ಅಲ್ವಾ? ಮಾಮೂಲಿ ಸೆಲ್ 1.5. ಕಡಿಮೆ ವೋಲ್ಟಿನದ್ದು ಹೇಗೆ ಜಾಸ್ತಿ ಬಾಳಿಕೆ ಬರುತ್ತದೆ?

ಸಿಂಧನೂರು_ಭತ್ತ
1.5 ಅನ್ನುವುದು ಹೊಸದಾಗಿ, ಸುಮ್ನೆ ಇದ್ದಾಗ. ಭಾರ ಬಿದ್ದ ತಕ್ಷಣ ಇಳಿಯುತ್ತಾ ಹೋಗುತ್ತದೆ. ನಿಕಲ್ ಸೆಲ್ 1.2ರ ಹತ್ತಿರವೇ ಕೊನೆವರೆಗೂ ನಿಲ್ಲುತ್ತದೆ. ಕೆಲವು ಕ್ಯಾಮೆರಾಗಳ ಮೆನುವಿನಲ್ಲಿ ಯಾವ ಬಗೆಯ ಸೆಲ್ ಹಾಕಿದ್ದೀರಿ ಎಂದು ಹೇಳುವ ಜಾಗ ಇರುತ್ತದೆ. ನಿಕಾನ್ ಕೂಲ್‌ಪಿಕ್ಸ್ ಎಲ್ ಸರಣಿಯಲ್ಲಿ ಇದೆ. ಅದನ್ನು ಸರಿಯಾಗಿ ಇಟ್ಟರೆ ಸೆಲ್ ಮಟ್ಟವನ್ನೂ ಸರಿಯಾಗಿ ತೋರಿಸುತ್ತದೆ.

ಕೊಪ್ಪಳ_ಭಾನುವಾರ
ಇದು ಉಪಯೋಗದ ಮಾತು. ಇಲ್ಲಿ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಕೇಳಿದರೆ ಗಡಿಯಾರದ ಸೆಲ್ಲೇ ಕೊಡುತ್ತಾರೆ. ರೀಚಾರ್ಜ್ ಸೆಲ್ ತರಿಸುತ್ತೇನೆ. ಮಧ್ಯಾಹ್ನದ ಮುಖಗಳ ಬಗ್ಗೆ ಯಾರಾದರೂ ಹೇಳಿ.

ಮಾನ್ವಿ_ಹತ್ತಿ
ಫ್ಲ್ಯಾಶ್ ಹಾಕಿ.

ಬಳ್ಳಾರಿ_ಗುಡ್ಡ
ಮಧ್ಯಾಹ್ನ 12ಕ್ಕೆ ಫ್ಲ್ಯಾಶಾ?

ಮಾನ್ವಿ_ಹತ್ತಿ
ಹೌದು, ಮಧ್ಯಾಹ್ನಕ್ಕೇ ಅದು ಬೇಕು. ಸೂರ್ಯ ನೆತ್ತಿಯ ಮೇಲೆ ಇದ್ದಾಗ ಹಣೆ, ಮೂಗು ಬೆಳಗುತ್ತವೆ, ಕಣ್ಣಿನ ಗುಳಿ ಕಪ್ಪಾಗುತ್ತದೆ. ಪೇಟಾ ಸುತ್ತಿದವರು, ತಲೆ ಮೇಲೆ ಸೆರಗು ಹೊದ್ದವರು ಆದರೆ ಮುಖವೇ ಕಾಣುವುದಿಲ್ಲ. ಆಟೋ ಫ್ಲ್ಯಾಶ್ ಬಿಟ್ಟು 'ಯಾವಾಗಲೂ ಆನ್' ಗೆ ಇಡಿ. ಎರಡು ಮೂರು ಮೀಟರ್ ದೂರದಲ್ಲಿ ನಿಲ್ಲಿ. ನೆರಳು ತುಂಬಿಕೊಳ್ಳುತ್ತದೆ. ಸಣ್ಣ ಕ್ಯಾಮೆರಾದಲ್ಲಿ ಇರುವುದು ಝೆನಾನ್ ಫ್ಲ್ಯಾಶ್. ಫೋನಿನ ಎಲ್‌ಇಡಿ ಬೆಳಕು ಬಿಸಿಲಿನ ಮುಂದೆ ಏನೂ ಅಲ್ಲ. ಇದೊಂದರಲ್ಲಿ ನಿಮ್ಮ ಹಳೆಯ ಕ್ಯಾಮೆರಾ ದುಬಾರಿ ಫೋನಿಗಿಂತ ಮುಂದಿದೆ.

ಇನ್ನೂ ಒಳ್ಳೆಯದು, ಅವರನ್ನು ಪಡಸಾಲೆಗೆ ಕರೆಯಿರಿ. ಬಾಗಿಲ ಕಡೆ ಮುಖ ಮಾಡಿ ಕೂರಿಸಿ. ಅಂಗಳದ ಬಿಸಿಲು ನೆಲಕ್ಕೆ, ಎದುರು ಗೋಡೆಗೆ ಬಡಿದು ಮೆತ್ತಗೆ ಒಳಗೆ ಬರುತ್ತದೆ. ಹಿರಿಯರ ಫೋಟೋಗೆ ಅದಕ್ಕಿಂತ ಒಳ್ಳೆ ಬೆಳಕು ಸ್ಟುಡಿಯೋದಲ್ಲೂ ಇಲ್ಲ.

ಕವಿತಾಳ_ಎರೆಹೊಲ
ಪಡಸಾಲೆ ಮಾತಿಗೆ ನನ್ನ ಒಪ್ಪಿಗೆ. ಜೊತೆಗೆ ಪ್ಲಸ್ ಮೈನಸ್ ಗುಂಡಿಯನ್ನು ಎಲ್ಲರೂ ಮರೆತುಬಿಡುತ್ತಾರೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅಂತ ಹೆಸರು. ಪ್ಲಸ್ ಇಟ್ಟರೆ ಫೋಟೋ ಬೆಳ್ಳಗಾಗುತ್ತದೆ, ಮೈನಸ್ ಇಟ್ಟರೆ ಕಪ್ಪಾಗುತ್ತದೆ. ಸಾಮಾನ್ಯವಾಗಿ ಮೈನಸ್ 2ರಿಂದ ಪ್ಲಸ್ 2ರವರೆಗೆ ಇರುತ್ತದೆ. ನಮ್ಮ ಸೀಮೆಗೆ ಇದು ತುಂಬಾ ಬೇಕು, ಯಾಕೆ ಹೇಳುತ್ತೇನೆ.

ಕ್ಯಾಮೆರಾಕ್ಕೆ ಹೊಲ ಯಾವುದು, ಹತ್ತಿ ಯಾವುದು ಗೊತ್ತಾಗುವುದಿಲ್ಲ. ಎದುರಿಗೆ ಏನೇ ಇರಲಿ, ಒಟ್ಟು ಬೆಳಕು ನಡುವಿನ ಬೂದು ಬಣ್ಣಕ್ಕೆ ಬರುವ ಹಾಗೆ ಲೆಕ್ಕ ಹಾಕುತ್ತದೆ. ಮಳೆ ಬಿದ್ದ ಎರೆ ಹೊಲ ಕಣ್ಣಿಗೆ ಕಪ್ಪು. ಫೋಟೋದಲ್ಲಿ ಬೂದಿ ಬಣ್ಣ. ಅಲ್ಲಿ ಮೈನಸ್ 0.7 ಇಡಿ, ಮಣ್ಣು ಕಪ್ಪಾಗಿಯೇ ಬರುತ್ತದೆ. ಹತ್ತಿ ಬಿಡಿಸುವಾಗ ಉಲ್ಟಾ. ಬಿಳಿ ರಾಶಿ ಕೊಳೆಯಾದ ಹಾಗೆ ಕಾಣುತ್ತದೆ, ಪ್ಲಸ್ 0.7 ಬೇಕು. ಒಣಗಲು ಹರವಿದ ಮೆಣಸಿನಕಾಯಿ ಇನ್ನೂ ಕಷ್ಟ. ಕೆಂಪು ಮಿತಿ ಮೀರಿ, ಕಾಯಿಯ ಗೆರೆ ಸುಕ್ಕು ಎಲ್ಲ ಅಳಿಸಿಹೋಗಿ ಬರೀ ಕೆಂಪು ತೇಪೆ ಉಳಿಯುತ್ತದೆ. ಅದಕ್ಕೂ ಮೈನಸ್ಸೇ ಸರಿ.

ಸಂಡೂರು_ಕೆಮ್ಮಣ್ಣು
ಇದನ್ನು ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ. ನಾರಿಹಳ್ಳದ ಕಡೆ ಮಳೆಗಾಲದ ಗುಡ್ಡ ತೆಗೆದಾಗ ಆಕಾಶ ಪೂರ್ತಿ ಬಿಳಿ ಬರುವುದಕ್ಕೂ ಮೈನಸ್ಸೇನಾ?

ಕವಿತಾಳ_ಎರೆಹೊಲ
ಹೌದು. ಮೋಡದ ಗೆರೆ ಉಳಿಯುವಷ್ಟು ಇಳಿಸಿ. ನೆಲ ಸ್ವಲ್ಪ ಕಪ್ಪಾದರೆ ಆಮೇಲೆ ಮೊಬೈಲಿನಲ್ಲೇ ಎತ್ತಬಹುದು. ಪೂರ್ತಿ ಬಿಳಿಯಾದ ಆಕಾಶದಲ್ಲಿ ಎತ್ತಲು ಏನೂ ಇರುವುದಿಲ್ಲ.

ಗಂಗಾವತಿ_ಕಾಲೇಜು
ನಮ್ಮ ಕಾಲೇಜಿನಲ್ಲಿ ಈಗ ಎಲ್ಲರಿಗೂ ಇಂಥ ಹಳೆಯ ಕ್ಯಾಮೆರಾ ಬೇಕು. ಸಿಸಿಡಿ ಸೆನ್ಸರ್ ಇದ್ದರೆ ಬಣ್ಣ ಬೇರೆಯೇ ಬರುತ್ತದೆ ಅಂತಾರೆ. ನಿಜಾನಾ? ನಾನೂ ಒಂದು ಸೆಕೆಂಡ್ ಹ್ಯಾಂಡ್ ತಗೋಬೇಕು ಅಂತಿದ್ದೇನೆ.

ರಾಯಚೂರು_ಬಿಸಿಲು
ಸಿಸಿಡಿ ಅನ್ನೋದು ಬೆಳಕನ್ನು ಓದುವ ಒಂದು ವಿಧಾನ. ಬಣ್ಣ ಬರುವುದು ಸೆನ್ಸರ್ ಮೇಲಿನ ಬಣ್ಣದ ಫಿಲ್ಟರ್‌ನಿಂದ, ಆಮೇಲೆ ಕ್ಯಾಮೆರಾ ಒಳಗೆ ಆಗುವ ಲೆಕ್ಕದಿಂದ. ನೀವು ಇಷ್ಟಪಡುವ ಆ ನೋಟದಲ್ಲಿ ನೇರ ಫ್ಲ್ಯಾಶ್‌ನದ್ದೇ ದೊಡ್ಡ ಪಾಲು. ಆ ಹೆಸರಿಗಾಗಿ ಎರಡು ಪಟ್ಟು ದುಡ್ಡು ಕೊಡಬೇಡಿ ತಂಗಿ.

ಸಿಂಧನೂರು_ಭತ್ತ
ತಗೊಳ್ಳುವ ಮುಂಚೆ ಆನ್ ಮಾಡಿ ನೋಡಿ. ಲೆನ್ಸ್ ಸದ್ದಿಲ್ಲದೆ ಹೊರಗೆ ಬಂದು ಒಳಗೆ ಹೋಗಬೇಕು. ಫ್ಲ್ಯಾಶ್ ಹೊಡೆಯಬೇಕು. ಬರೀ ಆಕಾಶದ ಫೋಟೋ ತೆಗೆದು ಕಪ್ಪು ಚುಕ್ಕೆ ಇದೆಯಾ ನೋಡಿ, ಇದ್ದರೆ ಸೆನ್ಸರ್ ಮೇಲೆ ಧೂಳು ಕೂತಿದೆ. ಬ್ಯಾಟರಿ ಈಗಲೂ ಸಿಗುತ್ತದೆಯಾ ವಿಚಾರಿಸಿ.

ಕಾರ್ಡ್ ಯಾವುದು ಅನ್ನುವುದು ಬಹಳ ಮುಖ್ಯ. ಹಳೆಯ ಒಲಿಂಪಸ್, ಫ್ಯೂಜಿಗಳಲ್ಲಿ ಎಕ್ಸ್‌ಡಿ ಕಾರ್ಡ್, ಹಳೆಯ ಸೋನಿಗಳಲ್ಲಿ ಮೆಮೊರಿ ಸ್ಟಿಕ್. ಈಗ ಅವು ಸುಲಭಕ್ಕೆ ಸಿಗುವುದಿಲ್ಲ. ಎಸ್‌ಡಿ ಕಾರ್ಡಿನಲ್ಲೂ ಮುಖ್ಯವಾಗಿ ಮೂರು ತಲೆಮಾರು ಸಿಗುತ್ತವೆ: 2 ಜಿಬಿವರೆಗೆ ಬರೀ ಎಸ್‌ಡಿ, 32 ಜಿಬಿವರೆಗೆ ಎಸ್‌ಡಿಎಚ್‌ಸಿ, ಅದರ ಮೇಲೆ ಎಸ್‌ಡಿಎಕ್ಸ್‌ಸಿ. ಆಕಾರ ಒಂದೇ, ಆದರೆ ತೀರಾ ಹಳೆಯ ಕ್ಯಾಮೆರಾ 64 ಜಿಬಿ ಕಾರ್ಡ್ ಓದುವುದಿಲ್ಲ. ಕಾರ್ಡ್ ಕೆಟ್ಟಿದೆ ಅಂತ ಅಂಗಡಿಯವರ ಜೊತೆ ಜಗಳ ಮಾಡುವ ಮುಂಚೆ ಇದನ್ನು ನೋಡಿ.

ಗಂಗಾವತಿ_ಕಾಲೇಜು
ಥ್ಯಾಂಕ್ಸ್ ಅಣ್ಣಾ. ನಾನು ನೋಡಿಟ್ಟಿದ್ದು ಸೋನಿ ಡಬ್ಲ್ಯು830. ಹೇಗಿದೆ?

ಸಿಂಧನೂರು_ಭತ್ತ
2014ರಲ್ಲಿ ಬಂದದ್ದು, 20.1 ಮೆಗಾಪಿಕ್ಸೆಲ್, 8 ಪಟ್ಟು ಜೂಮ್. ಅದರದ್ದೂ ಸಿಸಿಡಿಯೇ. ಬ್ಯಾಟರಿ ಸೋನಿಯ ಬೇರೆ ಸಣ್ಣ ಕ್ಯಾಮೆರಾಗಳಿಗೂ ಆಗುವಂಥದ್ದು, ಹುಡುಕಿದರೆ ಸಿಗುತ್ತದೆ. ಲೆನ್ಸ್ ಸರಿ ಇದ್ದರೆ ತಗೊಳ್ಳಿ.

ಮಸ್ಕಿ_ಮೇಷ್ಟ್ರು
ಸೆಲ್ ಮಾತು ಬಂತಲ್ಲ, ಮಕ್ಕಳಿಗೆ ನಾನು ಹೇಳುವ ಒಂದು ಸಂಗತಿ ಹೇಳಿಬಿಡುತ್ತೇನೆ. ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದ್ದು ಕೊಡಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್, 1975ರಲ್ಲಿ. ಅದಕ್ಕೆ 16 ನಿಕಲ್ ಕ್ಯಾಡ್ಮಿಯಂ ಸೆಲ್ ಬೇಕಿತ್ತು. ತೂಕ ಸುಮಾರು 3.6 ಕಿಲೋ. ಕಪ್ಪು ಬಿಳುಪು ಚಿತ್ರ, 0.01 ಮೆಗಾಪಿಕ್ಸೆಲ್. ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಬರೆಯಲು 23 ಸೆಕೆಂಡ್. ಅಲ್ಲಿಂದ ಎರಡು ಸೆಲ್ಲಿನ ಜೇಬಿನ ಕ್ಯಾಮೆರಾವರೆಗೆ ಬಂದಿದ್ದೇವೆ. ಅದನ್ನು ಕೈಯಲ್ಲಿ ಹಿಡಿದವರು ಕೀಳಾಗಿ ನೋಡಬಾರದು ಅಂತ ನನ್ನ ಅಭಿಪ್ರಾಯ.

ಬಳ್ಳಾರಿ_ಗುಡ್ಡ
ಕೀಳು ಅಂತ ಯಾರೂ ಹೇಳಲಿಲ್ಲ ಸರ್. ಜಾತ್ರೆ ಫೋಟೋ ಅಲುಗಾಡಿದೆ ಅಂತ ಅವರೇ ಕೇಳಿದ್ದಾರೆ. ಅದಕ್ಕೆ ಉತ್ತರ ಇನ್ನೂ ಬಂದಿಲ್ಲ.

ಯಲಬುರ್ಗಾ_ದಾರಿ
ಉತ್ತರ ಇದೆ. ಗವಿಮಠದ ತೇರು ಎಳೆಯುವುದು ಸಂಜೆ, ಬೆಳಕು ಪೂರ್ತಿ ಹೋಗಿರುವುದಿಲ್ಲ. ಲಕ್ಷಗಟ್ಟಲೆ ಜನ ಸೇರಿರುತ್ತಾರೆ, ಹತ್ತಿರ ಹೋಗಲು ಆಗುವುದಿಲ್ಲ. ಆಗ ಎಲ್ಲರೂ ಮಾಡುವ ಕೆಲಸ ಜೂಮ್ ಎಳೆಯುವುದು. ಅಲ್ಲೇ ಫೋಟೋ ಹಾಳಾಗುತ್ತದೆ.

ಸಣ್ಣ ಕ್ಯಾಮೆರಾದ ಲೆನ್ಸ್ ಮೇಲೆ 2.8–6.9 ಥರ ಎರಡು ಅಂಕಿ ಬರೆದಿರುತ್ತದೆ. ಜೂಮ್ ಇಲ್ಲದಾಗ 2.8, ಪೂರ್ತಿ ಎಳೆದಾಗ 6.9. ಅಂಕಿ ದೊಡ್ಡದಾದಷ್ಟು ಬೆಳಕು ಬರುವ ಕಿಂಡಿ ಚಿಕ್ಕದು. ಅಂದರೆ ಪೂರ್ತಿ ಎಳೆದಾಗ ಒಳಗೆ ಬರುವ ಬೆಳಕು ಆರನೇ ಒಂದು ಪಾಲು. ಬೆಳಕು ಕಡಿಮೆಯಾದಷ್ಟು ಶಟರ್ ಜಾಸ್ತಿ ಹೊತ್ತು ತೆರೆದಿರುತ್ತದೆ. ಜೂಮ್‌ನಲ್ಲಿ ಕೈನಡುಕವೂ ದೊಡ್ಡದಾಗಿ ಕಾಣುತ್ತದೆ. ಎರಡೂ ಸೇರಿ ಫೋಟೋ ಕಲಸಿಹೋಗುತ್ತದೆ.

ಹಾಗಾಗಿ ಜೂಮ್ ಬಿಡಿ. ಎತ್ತರದ ಕಟ್ಟೆಯೋ ಮಾಳಿಗೆಯೋ ಹುಡುಕಿ, ಅಗಲವಾಗಿ ತೆಗೆಯಿರಿ. ತೇರು, ಜನ, ಗುಡ್ಡ ಮೂರೂ ಬರಲಿ. ಐಎಸ್‌ಒ, ಅಂದರೆ ಬೆಳಕಿಗೆ ಸೆನ್ಸರ್ ಎಷ್ಟು ಚುರುಕು ಅನ್ನುವ ಅಂಕಿ, 400 ಅಥವಾ 800 ಇಡಿ, ಕಾಳು ಕಾಳಾಗಿ ಬಂದರೂ ಅಡ್ಡಿಯಿಲ್ಲ. ಫ್ಲ್ಯಾಶ್ ಆಫ್ ಮಾಡಿ. ಅದು ಮುಟ್ಟುವುದು ಸುಮಾರು 3 ಮೀಟರ್, ನಿಮ್ಮ ಮುಂದಿನವರ ತಲೆ ಮಾತ್ರ ಬೆಳಗುತ್ತದೆ. ಮೊಣಕೈ ಎದೆಗೆ ಒತ್ತಿ ಹಿಡಿಯಿರಿ, ಕಂಬ ಸಿಕ್ಕರೆ ಒರಗಿ.

ಮಾನ್ವಿ_ಹತ್ತಿ
ಬಟನ್ ಅರ್ಧ ಒತ್ತುವುದನ್ನು ಹೇಳಲಿಲ್ಲ. ಪೂರ್ತಿ ಒತ್ತಿದರೆ ಕ್ಯಾಮೆರಾ ಮೊದಲು ಫೋಕಸ್ ಹುಡುಕುತ್ತದೆ, ಅಷ್ಟರಲ್ಲಿ ತೇರಿಗೆ ಉತ್ತತ್ತಿ ಎಸೆದ ಕೈ ಕೆಳಗೆ ಬಂದಿರುತ್ತದೆ. ತೇರು ಇರುವಷ್ಟೇ ದೂರದ ಏನಾದರೊಂದರ ಮೇಲೆ ಅರ್ಧ ಒತ್ತಿ ಹಿಡಿದು ಕಾಯಿರಿ. ಆ ಕ್ಷಣ ಬಂದಾಗ ಪೂರ್ತಿ ಒತ್ತಿ. ತಡ ಆಗುವುದಿಲ್ಲ.

ಕುಷ್ಟಗಿ_ರೊಟ್ಟಿ
ಜಾತ್ರೆಗೆ ಬಂದವರು ದಾಸೋಹದ ಫೋಟೋನೂ ತೆಗೆಯಿರಿ. ಊರೂರಿಂದ ಬಂದ ಜೋಳದ ರೊಟ್ಟಿ ರಾಶಿ ರಾಶಿ ಇಟ್ಟಿರುತ್ತಾರಲ್ಲ, ಅದರ ಮುಂದೆ ತೇರೂ ಸಣ್ಣದೇ. ಬಡಿಸುವವರ ಕೈ, ಹೊಗೆ, ದೊಡ್ಡ ಕೊಪ್ಪರಿಗೆ. ತೇರಿನ ಫೋಟೋ ಎಲ್ಲರ ಹತ್ತಿರ ಇದೆ.

ಕೊಪ್ಪಳ_ಭಾನುವಾರ
ದಾಸೋಹದ ಮಾತು ಮನಸ್ಸಿಗೆ ಹಿಡಿಸಿತು. ಅಲ್ಲಿ ಹತ್ತಿರ ನಿಲ್ಲಬಹುದು, ಜೂಮ್ ಬೇಕಿಲ್ಲ.

ಸಂಡೂರು_ಕೆಮ್ಮಣ್ಣು
ಧೂಳಿನ ಬಗ್ಗೆ ಯಾರಾದರೂ ಹೇಳಿ. ಅದಿರು ಲಾರಿ ಓಡುವ ರಸ್ತೆ ಪಕ್ಕ ಆನ್ ಮಾಡಿದ್ದೆ, ಈಗ 'ಲೆನ್ಸ್ ಎರರ್' ಅಂತ ಬಂದು ಆಫ್ ಆಗುತ್ತಿದೆ. ರಿಪೇರಿ ಅಂಗಡಿಯವರು ಕ್ಯಾಮೆರಾದ ಬೆಲೆಗಿಂತ ಜಾಸ್ತಿ ಕೇಳಿದರು.

ಸಿಂಧನೂರು_ಭತ್ತ
ಲೆನ್ಸ್ ಕೊಳವೆಗಳು ಒಂದರೊಳಗೊಂದು ಜಾರುತ್ತವೆ. ನಡುವಿನ ಸಂದಿಗೆ ಒಂದು ಮರಳ ಕಣ ಹೋದರೂ ಮೋಟಾರ್ ನಿಲ್ಲುತ್ತದೆ. ಪೂರ್ತಿ ಚಾರ್ಜ್ ಇರುವ ಸೆಲ್ ಹಾಕಿ, ಲೆನ್ಸ್ ಕೆಳಮುಖ ಮಾಡಿ, ಕೈಯಲ್ಲಿ ಒತ್ತುವ ಸಣ್ಣ ಗಾಳಿ ಪಂಪಿನಿಂದ ಸಂದಿಯ ಸುತ್ತ ಗಾಳಿ ಹೊಡೆದು ಆನ್ ಮಾಡಿ. ಕೆಲವೊಮ್ಮೆ ಬಿಡುತ್ತದೆ. ಬಾಯಿಂದ ಊದಬೇಡಿ, ಎಂಜಲು ಹನಿ ಹೋಗುತ್ತದೆ. ಲೆನ್ಸನ್ನು ಕೈಯಿಂದ ಎಳೆದರೆ ಒಳಗಿನ ಗೇರ್ ಹಲ್ಲು ಮುರಿಯುತ್ತವೆ.

ರಾಯಚೂರು_ಬಿಸಿಲು
ಧೂಳಿನಷ್ಟೇ ಬಿಸಿಯೂ ಶತ್ರು. ಇಂಥ ಕ್ಯಾಮೆರಾಗಳ ಕೈಪಿಡಿಯಲ್ಲಿ 0ಯಿಂದ 40 ಡಿಗ್ರಿ ಅಂತ ಬರೆದಿರುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳು ಅದನ್ನು ದಾಟುತ್ತದೆ. ನಿಂತ ಕಾರಿನಲ್ಲಿ, ಬೈಕಿನ ಡಬ್ಬಿಯಲ್ಲಿ ಬಿಡಲೇಬೇಡಿ. ಒದ್ದೆ ಬಟ್ಟೆಯಲ್ಲೂ ಸುತ್ತಬೇಡಿ, ತೇವ ಒಳಗೆ ಸೇರುತ್ತದೆ. ಒಣ ಬಟ್ಟೆ ಚೀಲ, ನೆರಳು, ಅಷ್ಟು ಸಾಕು.

ಹೊಸಪೇಟೆ_ರಸ್ತೆ
ಇಟಗಿಯ ಮಹಾದೇವ ಗುಡಿಗೆ ಹೋಗುವವರಿಗೆ ಒಂದು ಪ್ರಶ್ನೆ. ಹೊಯ್ಸಳರ ಆ ಗುಡಿ ಒಳಗೆ ಕತ್ತಲು. ಟ್ರೈಪಾಡ್ ಬಿಡುತ್ತಾರಾ?

ಯಲಬುರ್ಗಾ_ದಾರಿ
ಹೊಯ್ಸಳರದ್ದಲ್ಲ ರೀ, ಕಲ್ಯಾಣದ ಚಾಲುಕ್ಯರ ಕಾಲದ್ದು. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ್ದು. ಶಾಸನದಲ್ಲಿ ಅದನ್ನು 'ದೇವಾಲಯ ಚಕ್ರವರ್ತಿ' ಅಂತ ಕರೆದಿದ್ದಾರೆ.

ಟ್ರೈಪಾಡ್‌ಗೆ ಪುರಾತತ್ವ ಇಲಾಖೆ ಅನುಮತಿ ಬೇಕು. ನಿಮ್ಮ ಕ್ಯಾಮೆರಾಗೆ ಅದರ ಅಗತ್ಯವೇ ಇಲ್ಲ. ನೆಲದ ಮೇಲೆ ಕರವಸ್ತ್ರ ಹಾಸಿ, ಕ್ಯಾಮೆರಾವನ್ನು ಬೆನ್ನ ಮೇಲೆ ಮಲಗಿಸಿ, ಲೆನ್ಸ್ ಮೇಲ್ಮುಖ. 2 ಸೆಕೆಂಡ್ ಟೈಮರ್ ಇಟ್ಟು, ಫ್ಲ್ಯಾಶ್ ಆಫ್ ಮಾಡಿ, ಪಕ್ಕಕ್ಕೆ ಸರಿಯಿರಿ. ಐಎಸ್‌ಒ 100 ಸಾಕು. ಒಂದು ಸೆಕೆಂಡ್ ತೆರೆದಿದ್ದರೂ ಅಲುಗಾಡುವುದಿಲ್ಲ. ಚಾವಣಿಯ ಕೆತ್ತನೆ ಗೆರೆ ಗೆರೆಯಾಗಿ ಬರುತ್ತದೆ. ದೊಡ್ಡ ಕ್ಯಾಮೆರಾ ಹೀಗೆ ಮಲಗಿಸುವುದು ಕಷ್ಟ.

ಮಸ್ಕಿ_ಮೇಷ್ಟ್ರು
ಶಾಸನ ತೆಗೆಯುವವರಿಗೂ ಒಂದು ಮಾತು. ಅಕ್ಷರ ಕಾಣಬೇಕಾದರೆ ಬೆಳಕು ಪಕ್ಕದಿಂದ, ಓರೆಯಾಗಿ ಬೀಳಬೇಕು. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಕಲ್ಲು ಬೋಳಾಗಿ ಕಾಣುತ್ತದೆ. 1915ರಲ್ಲಿ ಬೆಳಕಿಗೆ ಬಂದ ನಮ್ಮ ಮಸ್ಕಿ ಶಾಸನದಲ್ಲಿ ಅಶೋಕನ ಹೆಸರೇ ಇದೆ. ಕೊಪ್ಪಳದಲ್ಲೂ ಗವಿಮಠ, ಪಾಲ್ಕಿಗುಂಡು ಎರಡು ಕಡೆ ಅಶೋಕನ ಶಾಸನಗಳಿವೆ. ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿದ್ದಾಗ ಹೋಗಿ.

ಹೊಸಪೇಟೆ_ರಸ್ತೆ
ಅಕ್ಷರದ ಮೇಲೆ ಸ್ವಲ್ಪ ಸುಣ್ಣದ ಪುಡಿ ಉಜ್ಜಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ ಅಲ್ವಾ?

ಮಸ್ಕಿ_ಮೇಷ್ಟ್ರು
ದಯವಿಟ್ಟು ಬೇಡ. ಸುಣ್ಣ, ಸೀಮೆಸುಣ್ಣ, ಎಣ್ಣೆ ಏನೂ ಬೇಡ. ಎರಡು ಸಾವಿರಕ್ಕೂ ಹೆಚ್ಚು ವರ್ಷ ಉಳಿದ ಅಕ್ಷರ. ನಮ್ಮ ಒಂದು ಫೋಟೋಗಾಗಿ ಅದನ್ನು ಉಜ್ಜುವ ಹಕ್ಕು ನಮಗಿಲ್ಲ. ಗೆಳೆಯರೊಬ್ಬರು ಪಕ್ಕದಿಂದ ಟಾರ್ಚ್ ಹಿಡಿದರೆ ಸಾಕು.

ಯಲಬುರ್ಗಾ_ದಾರಿ
ಮೇಷ್ಟ್ರ ಮಾತು ನೂರಕ್ಕೆ ನೂರು ಸರಿ.

ಬಳ್ಳಾರಿ_ಗುಡ್ಡ
ಇಷ್ಟೆಲ್ಲ ಓದಿದೆ. ನಾನು ಈಗಲೂ ಫೋನ್ ಪಕ್ಷವೇ. ಆದರೆ ಹಗಲು ಫ್ಲ್ಯಾಶ್, ನೆಲದ ಮೇಲೆ ಮಲಗಿಸುವುದು, ಈ ಎರಡನ್ನು ಒಪ್ಪುತ್ತೇನೆ. ನನ್ನ ನಿಜವಾದ ಪ್ರಶ್ನೆ ಬೇರೆ. ಕ್ಯಾಮೆರಾದಲ್ಲಿ ತೆಗೆದದ್ದು ಕಾರ್ಡಿನಲ್ಲೇ ಕೊಳೆಯುತ್ತದಲ್ಲ? ಫೋನಿನದ್ದು ಕನಿಷ್ಠ ಮನೆಯವರಿಗೆ ತಲುಪುತ್ತದೆ.

ಕುಷ್ಟಗಿ_ರೊಟ್ಟಿ
ಕಾರ್ಡ್ ರೀಡರ್ ಒಂದು ತಗೊಂಡರೆ ಫೋನಿಗೇ ಹಾಕಬಹುದು. ಮುಗಿಯಿತು.

ಮಾನ್ವಿ_ಹತ್ತಿ
ಪ್ರಿಂಟ್ ಹಾಕಿಸಿ! ನಾನು ಇದನ್ನು ಎಲ್ಲರಿಗೂ ಹೇಳುತ್ತೇನೆ. ಹೊಲದಲ್ಲಿ ಕೆಲಸ ಮಾಡುವವರ, ಗೊಂಬೆ ಮಾಡುವವರ ಫೋಟೋ ತೆಗೆದು ನಾವು ನೋಡಿಕೊಂಡರೆ ಏನು ಬಂತು? ಒಂದು ಪ್ರಿಂಟ್ ಅವರ ಕೈಗೆ ಕೊಡಿ. ಅವರು ಅದನ್ನು ದೇವರ ಜಗಲಿ ಪಕ್ಕ ಗೋಡೆಗೆ ಹಚ್ಚುತ್ತಾರೆ. ಮುಂದಿನ ಸಲ ಹೋದರೆ ನಿಮ್ಮನ್ನು ಫೋಟೋ ತೆಗೆಯುವವರು ಅಂತ ಅಲ್ಲ, ಮನೆಯವರ ಹಾಗೆ ಕರೆದು ಕೂರಿಸುತ್ತಾರೆ. 4×6 ಇಂಚಿನ ಪ್ರಿಂಟಿಗೆ 2 ಮೆಗಾಪಿಕ್ಸೆಲ್ ಸಾಕು. ಇಂಚಿಗೆ 300 ಚುಕ್ಕೆ ಅಂದರೆ 1200 ಗುಣಿಸು 1800, ಲೆಕ್ಕ ಹಾಕಿ ನೋಡಿ. 16 ಇರುವವರು ಮೆಗಾಪಿಕ್ಸೆಲ್ ಚಿಂತೆ ಬಿಡಬಹುದು.

ಕವಿತಾಳ_ಎರೆಹೊಲ
ಪ್ರಿಂಟ್ ಹಾಕಿಸುವವರು ತಾರೀಖು ಸರಿ ಇದೆಯಾ ನೋಡಿಕೊಳ್ಳಿ. ಸೆಲ್ ಬಹಳ ದಿನ ತೆಗೆದಿಟ್ಟರೆ ಕ್ಯಾಮೆರಾದ ಗಡಿಯಾರ ಹಿಂದಕ್ಕೆ ಹೋಗುತ್ತದೆ. ಮಗುವಿನ ಹೆಸರಿಡುವ ದಿನದ ಫೋಟೋ ಮೇಲೆ ಹತ್ತು ವರ್ಷ ಹಿಂದಿನ ತಾರೀಖು ಬಿದ್ದರೆ ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ಕೊಪ್ಪಳ_ಭಾನುವಾರ
ಕಿನ್ನಾಳದವರಿಗೆ ಪ್ರಿಂಟ್ ಕೊಡುವುದು ಖಂಡಿತ ಮಾಡುತ್ತೇನೆ. ಆದರೆ ಪ್ರಿಂಟ್ ಅಂದಾಗ ನೆನಪಾಯಿತು. ಹಿಂದೆ ಹಾಕಿಸಿದ ಮನೆಯ ಗುಂಪು ಫೋಟೋದಲ್ಲಿ ಹಿಂದಿನ ಸಾಲಿನವರ ತಲೆ ಕತ್ತರಿಸಿ ಬಂದಿತ್ತು. ಕ್ಯಾಮೆರಾ ಪರದೆಯಲ್ಲಿ ಪೂರ್ತಿ ಇತ್ತು. ಅಂಗಡಿಯವರು ಕ್ಯಾಮೆರಾದ್ದೇ ತಪ್ಪು ಅಂದರು.

ಮಾನ್ವಿ_ಹತ್ತಿ
ಅದು ಅಳತೆಯ ಸಮಸ್ಯೆ. ಸಣ್ಣ ಕ್ಯಾಮೆರಾದ ಫೋಟೋ 4:3 ಅಳತೆಯಲ್ಲಿ ಇರುತ್ತದೆ. 4×6 ಕಾಗದ 3:2. ಕಾಗದ ತುಂಬಿಸಲು ಹೋದರೆ ಮೇಲೆ ಕೆಳಗೆ ಕತ್ತರಿಸಲೇಬೇಕು. ಗುಂಪು ಫೋಟೋ ತೆಗೆಯುವಾಗ ತಲೆಯ ಮೇಲೆ, ಕಾಲ ಕೆಳಗೆ ಜಾಗ ಬಿಡಿ. ಈಗಾಗಲೇ ತೆಗೆದದ್ದು ಇದ್ದರೆ 'ಕತ್ತರಿಸಬೇಡಿ, ಪಕ್ಕದಲ್ಲಿ ಬಿಳಿ ಬಿಟ್ಟು ಹಾಕಿ' ಎಂದು ಹೇಳಿ. ಇಲ್ಲವಾದರೆ 6×8 ಹಾಕಿಸಿ, ಅದು 4:3 ಅಳತೆಗೆ ಸರಿಯಾಗಿ ಕೂರುತ್ತದೆ.

ಕೊಪ್ಪಳ_ಭಾನುವಾರ
ಹಾಗಾದರೆ ಆ ಗುಂಪು ಫೋಟೋ 6×8 ಅಳತೆಯಲ್ಲಿ ಮತ್ತೆ ಹಾಕಿಸುತ್ತೇನೆ. ಫೈಲ್ ಇನ್ನೂ ಇದೆ.

ಗಂಗಾವತಿ_ಕಾಲೇಜು
ಪ್ರಾಚೀನ ಕಲ್ಲುಮನೆಗಳಿರುವ ಹಿರೇಬೆಣಕಲ್‌ನ ಮೋರ್ಯರ ಗುಡ್ಡಕ್ಕೆ ನಾವು ಕೆಲವರು ಹೋಗುವವರಿದ್ದೇವೆ. ಹೊಸ ಕ್ಯಾಮೆರಾ ಅಲ್ಲೇ ಮೊದಲು. ಎಷ್ಟು ಹೊತ್ತಿಗೆ ಹತ್ತಬೇಕು?

ಯಲಬುರ್ಗಾ_ದಾರಿ
ಸೂರ್ಯ ಹುಟ್ಟುವ ಹೊತ್ತಿಗೆ ಹತ್ತಲು ಶುರು ಮಾಡಿ. ಕಲ್ಲುಮನೆಗಳ ನೆರಳು ಉದ್ದ ಇರುವಾಗಲೇ ಚೆನ್ನ. ಕುಡಿಯುವ ನೀರು ಜಾಸ್ತಿ ಒಯ್ಯಿರಿ, ಮೇಲೆ ಅಂಗಡಿ ಇಲ್ಲ. ದಾರಿ ಗೊತ್ತಿರುವ ಊರವರೊಬ್ಬರನ್ನು ಕರೆದುಕೊಳ್ಳಿ. ಕಲ್ಲುಗಳ ಮೇಲೆ ಹತ್ತಿ ನಿಂತು ಫೋಟೋ ತೆಗೆಸಿಕೊಳ್ಳಬೇಡಿ.